ಮುನ್ನೂರು ಮಿಲಿಮೀಟರ್

ದೂರು ಬಂದದ್ದು ಮಂಗಳವಾರ. ಹೆಸರಿಲ್ಲದ ದೂರು.
ಸಿಡ್ನಿಯ ಪಡುವಣ ಬಡಾವಣೆ, ಹದಿನೇಳನೆಯ ನಂಬರಿನ ಹಿತ್ತಲಲ್ಲಿ
ಬೇಲಿಯಿಲ್ಲದ ನೀರು.

ನಲವತ್ಮೂರು ಡಿಗ್ರಿ. ಕೌನ್ಸಿಲ್ ವ್ಯಾನಿನ ಸ್ಟಿಯರಿಂಗು
ಮುಟ್ಟಿದರೆ ಚುರ್ ಎನ್ನುವ ಜನವರಿ.
ಚೀಲದಲ್ಲಿ ಟೇಪು, ರಸೀದಿ ಪುಸ್ತಕ,
ಮತ್ತೆ ನನ್ನಪ್ಪ ಲೇತಿನಲ್ಲಿ ಕಡೆದು ಕೊಟ್ಟ ಮರದ ಚೆಂಡು,
ಅಡ್ಡಳತೆ ಸರಿಯಾಗಿ ನೂರು ಮಿಲಿಮೀಟರ್.
ಬೇಲಿಯ ಸರಳುಗಳ ನಡುವೆ ಅದನ್ನು ನೂಕುತ್ತೇನೆ,
ತೂರಿದರೆ ಬೇಲಿ ಫೇಲು.
ಚೆಂಡೇಕೆ ಎಂದು ಯಾರೂ ಎರಡು ಸಲ ಕೇಳಿಲ್ಲ.

ಇಲ್ಲಿ ಅದಕ್ಕೆ ಕೆಲಸವಿಲ್ಲ.
ಬಟ್ಟೆ ಒಣಹಾಕುವ ಕಂಬದ ಕೆಳಗೆ
ಗಾಳಿ ಊದಿದ ನೀಲಿ ಕೊಳ, ಅಂಚಿನ ಸುತ್ತ ನಗುವ ಡಾಲ್ಫಿನ್ನುಗಳು,
ಒಳಗೆ ಏಳು ಮಕ್ಕಳು. ಎಂಟೋ. ಎಣಿಕೆಗೆ ನಿಲ್ಲಲಿಲ್ಲ.
ನಟ್ಟನಡುವೆ, ಹೂವಿನ ಅಂಗಿ ತೊಟ್ಟೇ ಕೂತ
ಅಜ್ಜಿ ಅನಾಸೀನಿ.

ಎಷ್ಟು ಆಳ, ಎಂದೆ.
ಎದ್ದು ನಿಂತಳು. ನೀರು ಮೊಣಕಾಲಿಗೂ ಬರಲಿಲ್ಲ.
ಅದೇ ಉತ್ತರ.

ಟೇಪು ಇಳಿಬಿಟ್ಟೆ: ಇನ್ನೂರ ಎಂಬತ್ತೈದು.
ಒಂದು ಗೇಣು, ಮೇಲೆ ಮೂರು ಬೆರಳು.
"ಕಾನೂನು ಮುನ್ನೂರಕ್ಕೆ ಶುರು," ದೊಡ್ಡ ಹುಡುಗ ತೇವಿತ
ಫೋನು ಹಿಡಿದ. ಓದಿಕೊಂಡಿದ್ದಾನೆ.
ತುಂಬಿದ್ದು ಲೆಕ್ಕವಲ್ಲಪ್ಪ, ಎಷ್ಟು ತುಂಬಬಹುದೋ ಅದು ಲೆಕ್ಕ,
ಎನ್ನುತ್ತ ಅಂಚು ಅಳೆದೆ. ಐನೂರ ಹತ್ತು.
ಪಾತ್ರೆಯ ಬಾಯಿ ನೋಡಿ
ಅನ್ನಕ್ಕೆ ತೆರಿಗೆ ಹಾಕುವವನನ್ನು ನೋಡುವ ಹಾಗೆ ನೋಡಿದ.

ಬಾಯಿಪಾಠ ಒಪ್ಪಿಸಿದೆ: ಬೇಲಿ ಒಂದು ಸಾವಿರದ ಇನ್ನೂರು,
ಗೇಟು ಹೊರಕ್ಕೆ ತೆರೆಯಬೇಕು, ತಾನಾಗಿ ಮುಚ್ಚಬೇಕು,
ಚಿಲಕ ನನ್ನೆದೆಯೆತ್ತರ,
ಸುತ್ತ ಎರಡು ಮೊಳ ಕುರ್ಚಿಯಿಲ್ಲ, ಕುಂಡವಿಲ್ಲ, ಬಾಗಿದ ಕೊಂಬೆಯಿಲ್ಲ,
ಉಸಿರು ತುಂಬುವ ಕ್ರಮ ಬರೆದ ಫಲಕ, ದೂರದಿಂದ ಓದುವಂತೆ.
ಬಿಸಿನೀರಿನ ಸ್ಪಾ ಆದರೆ ಬೀಗದ ಮುಚ್ಚಳ ಸಾಕಿತ್ತು.

"ಬೇಲಿಗೆಷ್ಟು?"
ಮೂರು ಸಾವಿರ ಡಾಲರು. ಹೆಚ್ಚೂ ಆದೀತು.
"ಕೊಳಕ್ಕೆ ನಲವತ್ತೊಂಬತ್ತು ಕೊಟ್ಟೆ,"
ನಕ್ಕಳು, ಹೊಟ್ಟೆ ಕುಲುಕಿ ಇಡೀ ಕೊಳ ತುಳುಕುವ ಹಾಗೆ.
ಆಮೇಲೆ ನಗಲಿಲ್ಲ.
"ನಮ್ಮ ದ್ವೀಪದಲ್ಲಿ ಹವಳದ ದಿಬ್ಬ ದಾಟಿದರೆ ತಳವೇ ಇಲ್ಲ.
ಅದಕ್ಕೆ ಯಾರು ಬೇಲಿ ಹಾಕಿದರು?"
ನಾನು ಬಾಯಿ ತೆರೆಯುವ ಮೊದಲೇ
"ದಡದ ತುಂಬ ಚಿಕ್ಕಮ್ಮಂದಿರಿದ್ದರು," ಎಂದಳು, ತನಗೇ.

ಮನೆಯೊಳಗೆ ಇವರ ತಾಯಿ, ರಾತ್ರಿ ಪಾಳಿ ಮುಗಿಸಿದ ನರ್ಸು,
ಪರದೆ ಎಳೆದು ಮಲಗಿದ್ದಾಳೆ.
ಮಧ್ಯಾಹ್ನ ಎರಡಕ್ಕೆ ಅಜ್ಜಿಗೂ ಒಂದು ಜೊಂಪು.
ಕೇಳಿದ್ದಕ್ಕೆ ಮುಚ್ಚಿಡದೆ ಹೇಳಿದಳು.

ಹೊರಡುವವನು, ರೂಢಿಯ ಕೈ ನೋಡಿ,
ಪಕ್ಕದ ಮನೆಯ ಮರದ ಬೇಲಿಯಲ್ಲಿ
ಹಲಗೆ ಕಿತ್ತ ಸಂದಿಗೆ ಚೆಂಡು ಹಿಡಿದೆ.
ಅದು ತಡೆಯಲೇ ಇಲ್ಲ.
ಆಚೆ ಒಣಹುಲ್ಲಿನ ಮೇಲೆ ಉರುಳಿದ ಸದ್ದು,
ಆಮೇಲೆ ಏನೂ ಇಲ್ಲ.

ಮಕ್ಕಳ ಗದ್ದಲ ನಿಂತಿತು. ಒಂದು, ಎರಡು, ಮೂರು
ಎಣಿಸುತ್ತಿದ್ದೆ, ಯಾಕೋ ನನ್ನ ಕೆಟ್ಟ ಚಾಳಿ.
ಹನ್ನೊಂದಕ್ಕೆ
ಸಂದಿಯಲ್ಲಿ ಒಂದು ಚೆಂಡು, ಚೆಂಡಿನ ಹಿಂದೆ ಬೆರಳು,
ಬೆರಳಿನ ಹಿಂದೆ ಬಿಸಿಲಿಗೆ ಕೆಂಪಾದ ಪುಟ್ಟ ತೋಳು,
ಭುಜ, ಆಮೇಲೆ ಒಂದು ಪಾದ, ಚಪ್ಪಲಿಯಿಲ್ಲದ್ದು,
ಕೊನೆಗೆ ಡೈಪರು.

ನೇರ ಡಾಲ್ಫಿನ್ನುಗಳತ್ತ ನಡೆಯಿತು ಮಗು.

ನಾನು ಬಾಗುವಷ್ಟರಲ್ಲಿ ಅನಾಸೀನಿ
ಅದನ್ನೆತ್ತಿ ಸೊಂಟದ ಮೇಲೆ ಕೂರಿಸಿಕೊಂಡಾಗಿತ್ತು.
"ನಿನ್ನ ಹೆಸರೇನೋ, ಕಳ್ಳಾ?"
ಅದು ಚೆಂಡು ಕಚ್ಚಿತು.

ಅಜ್ಜಿ ನನ್ನನ್ನು ನೋಡಲಿಲ್ಲ. ಕಾಲಿನಿಂದ ತಡಕಿ
ಕಾಲ್ಬೆರಳಲ್ಲೇ ಬಿರಡೆ ಕಿತ್ತಳು.
ನೀರು ಮೊದಲು ಅನುಮಾನಿಸಿ, ಆಮೇಲೆ ಧುಮುಕಿ
ಕೆಸುವಿನ ಪಾತಿಗೆ ಹರಿಯಿತು,
ಉಳಿದದ್ದು ಇಳಿಜಾರು ಹಿಡಿದು ದೂರು ಕೊಟ್ಟವರ ಅಂಗಳಕ್ಕೆ.
ಡಾಲ್ಫಿನ್ನುಗಳು ಒಂದೊಂದೇ ಮುಖ ಮಡಿಸಿದವು.
ಎರಡು ನಿಮಿಷ ಅತ್ತ ಮಕ್ಕಳು ಒದ್ದೆ ಪ್ಲಾಸ್ಟಿಕ್ಕಿನ ಮೇಲೆ
ಹೊಟ್ಟೆಯಡಿಯಾಗಿ ಜಾರಲು ಹೊಂಚಿದರು.
ತೇವಿತ ಸುತ್ತಿಗೆ ಹುಡುಕಲು ಹೋದ, ಹಲಗೆಗೆ.

ಫಾರಮಿನಲ್ಲಿ ಆಳ ಎಂಬಲ್ಲಿ ಸೊನ್ನೆ ಬರೆದೆ.
ಬೇಲಿ ಎಂಬಲ್ಲಿ ಏನು ಬರೆಯಬೇಕೋ ತೋಚದೆ
ಖಾಲಿ ಬಿಟ್ಟೆ.

ವ್ಯಾನಿನಲ್ಲಿ ಚೀಲ ತೆರೆದರೆ
ಚೆಂಡಿನ ಮೇಲೆ ನಾಲ್ಕು ಹಲ್ಲಿನ ಗುರುತು.