ಎರಡು ಪಾಳಿಯ ಪದಗಳು

ಗ್ರಿಮ್ಸ್‌ಬಿ ಬಂದರಿನ ಹಿಂದೆ ಹಳೇ ಬಲೆಗೋದಾಮಿನ ಮಹಡಿ.
ಮಂಗಳವಾರ, ಸಂಜೆ ಆರೂವರೆ.
ಹೊಗೆಯಲ್ಲಿ ಒಣಗಿದ ಮೀನಿನ ವಾಸನೆ ನಮಗಿಂತ ಮೊದಲೇ
ಮೆಟ್ಟಿಲು ಹತ್ತಿ ಬೆಂಚಿನಲ್ಲಿ ಕೂತಿರುತ್ತದೆ.
ಎನಿಡ್ ಬ್ರಾಕಲ್ಸ್‌ಬಿ, ಎಪ್ಪತ್ತೊಂಬತ್ತು, ಸಂಬಳವಿಲ್ಲದ ಮೇಡಂ,
ಹಲಗೆಯ ಮೇಲೆ ಒಂದೇ ಪದ ಬರೆದು ನಮ್ಮತ್ತ ತಿರುಗುತ್ತಾಳೆ:
ಫಿಶ್.

ಮೀನೂ ಅದೇ, ಹಿಡಿಯುವುದೂ ಅದೇ.
ಅಂದರೆ ಈ ಊರವರು ಮೀನನ್ನು ಮೀನುತ್ತಾರೆ!
ಉಪ್ಪನ್ನು ಉಪ್ಪುತ್ತಾರೆ, ಮೊಳೆಯನ್ನು ಮೊಳೆಯುತ್ತಾರೆ,
ಸವರುವಷ್ಟೂ ಪುರುಸೊತ್ತಿಲ್ಲದೆ ಬ್ರೆಡ್ಡನ್ನು ಬೆಣ್ಣೆಯುತ್ತಾರೆ.
"ಮುಂದೆ 'ದಿ' ಇಟ್ಟರೆ ಕೂರುತ್ತೆ,
'ಟು' ಅಂದರೆ ಎದ್ದು ಹೊರಡುತ್ತೆ,
ನಾಯಿಮರಿ ಇದ್ದ ಹಾಗೆ" ಅಂತಾಳೆ ಎನಿಡ್.
ನನಗನ್ನಿಸುತ್ತದೆ, ಇವು ನಮ್ಮಂಥವೇ:
ಹಗಲು ಪಾಳಿಗೆ ಹೆಸರು, ರಾತ್ರಿ ಪಾಳಿಗೆ ಕೆಲಸ,
ನಡುವೆ ಬದಲಿಸಲು ಬೇರೆ ಅಂಗಿಯಿಲ್ಲ.

ದೊರಿನೆಲ್‌ಗೆ ಅನುಮಾನ.
ಬೆಳಿಗ್ಗೆ ಹೋಟೆಲಿನ ಕೋಣೆಗಳಲ್ಲಿ ಅವನು ಮಾಡುವುದು ಡಸ್ಟ್, ಧೂಳು ತೆಗೆಯುವುದು.
ಮಧ್ಯಾಹ್ನ ಬೇಕರಿಯಲ್ಲಿ ಮಾಡುವುದೂ ಡಸ್ಟ್,
ಕೇಕಿನ ಮೇಲೆ ಸಕ್ಕರೆಯ ಧೂಳು ಉದುರಿಸುವುದು.
"ತೆಗೆದರೂ ಅದೇ, ಹಾಕಿದರೂ ಅದೇ ಆದರೆ
ದಿನದ ಕೊನೆಗೆ ನಾನು ಮಾಡಿದ್ದೇನು?"
ಎನಿಡ್ ನಗದೆ ಹೇಳಿದಳು: "ಎರಡು ಸಂಬಳ."

'ಟು ಫಾದರ್' ಒಂದು ರಾತ್ರಿಯ ಮಾತು.
'ಟು ಮದರ್' ಮುಗಿಯುವುದೇ ಇಲ್ಲ.
"ನಿಘಂಟಿನಲ್ಲೂ ಹೀಗೇ ಇದೆಯಾ?" ವೈವಾ ಕೇಳುತ್ತಾಳೆ.
ಉತ್ತರಕ್ಕೆ ಕಾಯುವುದಿಲ್ಲ. ಗಂಟೆ ಏಳು, ಕ್ಲೈಪೇಡಾದಲ್ಲಿ ಆಗಲೇ ಒಂಬತ್ತು,
ಫೋನು ಹಿಡಿದು ಮೆಟ್ಟಿಲಿಗೆ ಓಡುತ್ತಾಳೆ,
ಗಾಜಿನ ಈಚೆಯಿಂದಲೇ ಮಗಳ ಹಲ್ಲುಜ್ಜಿಸುತ್ತಾಳೆ.

ಹೌಸ್ ಅಂದಾಗ ಕೊನೆಗೆ ಸ್, ತಣ್ಣಗೆ, ಬಾಗಿಲು ಮುಚ್ಚಿದ ಹಾಗೆ.
ಯಾರಿಗಾದರೂ ಸೂರು ಕೊಡುವುದಾದರೆ ಹೌಝ್,
ಝ್ ಎಂದು ದುಂಬಿಯಂತೆ ಗುಂಯ್ಗುಡಬೇಕು.
ಹೇಮಿನ್ ಅಭ್ಯಾಸ ಮಾಡಿದ, ಹಲ್ಲು ಬಿಗಿಹಿಡಿದು.
"ಕೌನ್ಸಿಲ್ ಆಫೀಸಿನಲ್ಲಿ ಏಳು ತಿಂಗಳಿಂದ
ನನ್ನ ಕಿವಿಗೆ ಬೀಳುತ್ತಿರುವುದು ಈ ದುಂಬಿಯೇ.
ಅದು ಎಲ್ಲೂ ಕೂರುವುದಿಲ್ಲ, ಮೇಡಂ."

ಐಸ್ ಫ್ಯಾಕ್ಟರಿಗೆ ಹೊತ್ತಾಯಿತೆಂದು ಗಡಿಯಾರ ನೋಡುತ್ತ
ಹಿಂದಿನ ಬೆಂಚಿನ ನಾನು ನನ್ನ ಭಾಷೆಯ ಜೇಬು ತಡಕುತ್ತೇನೆ.
ನಮ್ಮಲ್ಲಿ 'ಮಾಡು' ಎಂಬ ಹಮಾಲಿ ಇದ್ದಾನೆ,
ಊಟ, ಫೋನು, ಜಗಳ, ಮದುವೆ, ಎಲ್ಲವನ್ನೂ ಅವನೇ ಹೊರಬೇಕು.
ಆದರೂ ನಗು ಇದೆ, ಅಳು ಇದೆ, ಕೆಮ್ಮು ಇದೆ,
ಹಾಡು ಇದೆ, ಹಮಾಲಿಯಿಲ್ಲದೆ ನಡೆಯುವಂಥವು.
ಹುಟ್ಟು ಇದೆ: ಜನನವೂ ಅದೇ, ಜನಿಸುವುದೂ ಅದೇ,
ದೋಣಿ ನಡೆಸುವ ಕೋಲೂ ಅದೇ.
ಸಾವು ಮಾತ್ರ ಬೇರೆ, ಸಾಯುವುದು ಬೇರೆ;
ಆ ಒಂದಕ್ಷರದ ಸಂದಿಯಲ್ಲಿ ನಾವು ಎಷ್ಟೊಂದು ದಿನ ಬದುಕುತ್ತೇವೆ!

"ವಿಡೋ?" ದೊರಿನೆಲ್ ಸುಮ್ಮನೆ ಕೇಳಿದ,
ಪಟ್ಟಿ ಬೆಳೆಸುವ ಹುರುಪಿನಲ್ಲಿ. "ಅದೂ ಎರಡು ಪಾಳಿಯದೇ?"
ಚಾಕ್ ನಿಂತಿತು. ಕಿಟಕಿಯಾಚೆ ಕ್ರೇನು ಏನನ್ನೋ ಇಳಿಸುತ್ತಿತ್ತು.
ಎನಿಡ್ ಬರೆದಳು, ನಿಧಾನ, ದುಂಡಗೆ:
ದಿ ಸೀ ವಿಡೋಡ್ ಹರ್.
ಕಡಲು ಅವಳನ್ನು ವಿಧವೆಯಿಸಿತು.
ಅವಳು ಯಾರೆಂದು ಯಾರೂ ಕೇಳಲಿಲ್ಲ.
"ಗಮನಿಸಿ," ಅಂದಳು, "ಸೀ ಮಾತ್ರ ಬರೀ ನಾಮಪದ.
ವ್ಯಾಕರಣದ ಪ್ರಕಾರ ಅದು ಏನನ್ನೂ ಮಾಡುವುದಿಲ್ಲ,
ಸುಮ್ಮನೆ ಇರುತ್ತದೆ."

ಆಮೇಲೆ ಹಲಗೆಯತ್ತಲೇ ಮುಖ ಮಾಡಿ, ಕೈ ಹಿಂದೆ ಚಾಚಿ,
"ಹ್ಯಾಂಡ್ ಮಿ ದಿ ಡಸ್ಟರ್, ಹೇಮಿನ್."
ಅವನಿಗೆ ಕೇಳಿಸಿದ್ದು ಮೊದಲ ಪದ, ಅದರ ಹಗಲು ಪಾಳಿ ಮಾತ್ರ.
ಎದ್ದು ಹೋಗಿ ತನ್ನ ಕೈಯನ್ನೇ ಕೊಟ್ಟ.

ಯಾವಾಗಲೂ ತಪ್ಪು ತಿದ್ದುವವಳು
ಅಂದು ತಿದ್ದಲಿಲ್ಲ.
ಬೆರಳಿಂದ ಬೆರಳಿಗೆ ಚಾಕಿನ ಪುಡಿ ಹತ್ತಿತು.
ವೈವಾ ಒಳಬಂದು ಏನಾಯಿತೆಂದು ಕಣ್ಣಲ್ಲೇ ಕೇಳಿದಳು.
ಮುಂದಿನ ಮಂಗಳವಾರ ನಾವು ಬಂದಾಗಲೂ
ಆ ವಾಕ್ಯ ಹಲಗೆಯ ಮೇಲೇ ಇತ್ತು.