ತಕ್ಕಡಿಯ ಮೇಲಿನ ಹೆಬ್ಬೆರಳು

ಸಾವಿರದ ನೂರ ಇಪ್ಪತ್ತು ಗ್ರಾಂ.
ಮೀನಾಗಿದ್ದರೆ ಒಂದೇ ಕೈಯಲ್ಲಿ ಎತ್ತಿ ಹೇಳುತ್ತಿದ್ದೆ:
ಎರಡು ಹೊತ್ತಿನ ಸಾರಿಗಾಗುತ್ತೆ, ತಗೊಳ್ಳಿ.
ಇದು ನನ್ನ ಮಗಳು.
ಕಿಸುಮುವಿನ ದೊಡ್ಡಾಸ್ಪತ್ರೆ, ಗಾಜಿನ ಪೆಟ್ಟಿಗೆ,
ಮೂಗಿಗೆ ದಾರದಂಥ ನಳಿಗೆ.
ನಡುರಾತ್ರಿ ಹುಟ್ಟಿದವಳೆಂದು ಅವುವೊರ್ ಎಂಬ ಹೆಸರು.
ಎರಡು ತಿಂಗಳು ಮೊದಲೇ ಬಂದವಳಿಗೆ
ನಮ್ಮ ಭಾಷೆಯಲ್ಲಿ ಹೆಸರಿಲ್ಲ.

ಸಿಸ್ಟರ್ ಮೊರಾ ದಿನಾ ಬೆಳಿಗ್ಗೆ ತೂಗುತ್ತಾಳೆ.
ಮೊದಲ ವಾರ ಇಳಿಯಿತು. ಇಳಿಯೋದು ಸಹಜ, ಅಂದಳು.
ನನಗೆ ತಕ್ಕಡಿಯ ಸಹಜ ಗೊತ್ತು.
ಹನ್ನೊಂದು ವರ್ಷ ಸರೋವರದ ದಂಡೆಯಲ್ಲಿ
ಒಣಗಿಸಿದ ಓಮೆನಾ ಮಾರಿದವಳು ನಾನು.
ಗಿರಾಕಿ ಚಿಲ್ಲರೆ ಹುಡುಕುವಾಗ
ತಟ್ಟೆಯಂಚಿಗೆ ಹೆಬ್ಬೆರಳು ತಾಗಿಸಿ
ಹತ್ತು ಗ್ರಾಂ, ಹದಿನೈದು ಗ್ರಾಂ
ಯಾರ್ಯಾರದೋ ಮಕ್ಕಳ ಬಾಯಿಂದ ತೆಗೆದವಳು.
ಈಗ ಆ ಹತ್ತು ಗ್ರಾಂ ನನಗೆ ಬೇಕಿತ್ತು.
ಕೇಳಲು ಮುಖವಿರಲಿಲ್ಲ.

ಪಕ್ಕದ ಹಾಸಿಗೆಯ ನೆರಿಯಾ ಅವಳಿಗಳ ತಾಯಿ.
ಮಂಗಳವಾರದಿಂದ ಒಂದರ ತಾಯಿ.
ರಾತ್ರಿ ಹಾಲು ಹಿಂಡುತ್ತಾ ಪ್ರಾರ್ಥಿಸುತ್ತಿದ್ದಳು,
ಸಾಲ ವಸೂಲಿಗೆ ಬಂದವಳ ದನಿಯಲ್ಲಿ:
ಎದ್ದೇಳು ಕರ್ತನೇ, ಕಿವಿಯಿಲ್ಲವಾ ನಿನಗೆ?
ಹಾಗೆ ಮಾತಾಡಬಹುದೆಂದು ನನಗೆ ಯಾರೂ ಹೇಳಿರಲಿಲ್ಲ.
ಚಿಕ್ಕಂದಿನ ಭಾನುವಾರದ ಶಾಲೆಯಲ್ಲಿ
ಬಾಯಿಪಾಠ ಮಾಡಿಸಿದ ದೇವರು ಇಸ್ತ್ರಿ ಬಟ್ಟೆಯವನು,
ಮೈಯಿಂದ ಮೀನಿನ ವಾಸನೆ ಬಂದರೆ
ಹಿಂದಿನ ಬೆಂಚಿಗೆ ಕಳಿಸುವವನು.

ಹದಿನಾಲ್ಕನೆಯ ರಾತ್ರಿ ಬಿರುಗಾಳಿ. ಕರೆಂಟು ಹೋಯಿತು.
ಪೆಟ್ಟಿಗೆಗಳ ಹಸಿರು ಕಣ್ಣೆಲ್ಲ ಒಟ್ಟಿಗೇ ಆರಿದವು.
ಜನರೇಟರ್ ಎರಡು ಸಲ ಕೆಮ್ಮಿ ಸುಮ್ಮನಾಯಿತು.
ಮೊರಾ ಕತ್ತಲಲ್ಲೇ ಮಗಳನ್ನೆತ್ತಿ
ನನ್ನ ಅಂಗಿಯೊಳಗೆ, ಎದೆಗೆ ಎದೆ ಇಟ್ಟು
ಬಟ್ಟೆ ಸುತ್ತಿ ಬಿಗಿದಳು.
ಈಗ ನೀನೇ ಪೆಟ್ಟಿಗೆ. ಅಲ್ಲಾಡಬೇಡ.

ಕಿಟಕಿಯಾಚೆ ಸರೋವರ ಕುದಿಯುತ್ತಿತ್ತು.
ಅಲ್ಲೆಲ್ಲೋ ಗಂಡನ ದೋಣಿ.
ಒಂದು ಲಾಂದ್ರವೂ ಕಾಣಲಿಲ್ಲ.

ನೆನಪಾಯಿತು ಆಗ, ಇಂಥದೇ ಗಾಳಿಯಲ್ಲಿ
ದೋಣಿಯೊಳಗೆ ನಿದ್ದೆ ಹೋದವನ ಕಥೆ.
ಎಂದೂ ಹಿಡಿಸದ ಕಥೆ ನನಗೆ.
ಮೀನು ಹಿಡಿಯುವವರ ಮನೆಯಲ್ಲಿ ಕೇಳಿ ನೋಡಿ,
ನೀರು ಒಳನುಗ್ಗುವಾಗ ಮಲಗಿದವನನ್ನು
ಏನೆಂದು ಕರೆಯುತ್ತೇವೆ ಅಂತ.

ಇವಳು ಮಲಗಿದ್ದಳು.
ಗುಡುಗಿಗೆ ರೆಪ್ಪೆ ಅಲುಗಲಿಲ್ಲ.
ಅರೆ ತೆರೆದ ಬಾಯಿ, ಒಂದು ಅಂಗೈ
ನನ್ನ ಕತ್ತಿನ ಕೆಳಗಿನ ಮೂಳೆಯ ಮೇಲೆ,
ಬಾಡಿಗೆ ಮುಂಗಡ ಕೊಟ್ಟವಳ ಹಾಗೆ.
ಹಾಗಾದರೆ ಅವನು,
ಆ ಒದ್ದೆ ಹಲಗೆಯ ಮೇಲೆ, ಆ ರಾತ್ರಿ,
ಯಾರ ಎದೆಗೆ ಕಿವಿಯಿಟ್ಟು ಮಲಗಿದ್ದ?

ಜೋರಾಗಿಯೇ ಕೇಳಿದೆನೋ ಏನೋ.
ನೆರಿಯಾ ತನ್ನ ಹೊದಿಕೆಯ ಅಂಚನ್ನು
ನನ್ನ ಕಾಲಿನ ಮೇಲೆಳೆದಳು. ಅಷ್ಟೇ.
ಮೂರು ತಾಸು, ಎಣಿಸಿ ಎಣಿಸಿ
ನನ್ನ ಉಸಿರನ್ನು ಅವಳಿಗೆ ಕೊಟ್ಟೆ.
ನಡುವೆ ಎಲ್ಲೋ ಲೆಕ್ಕ ತಪ್ಪಿತು,
ಯಾರ ಉಸಿರು ಯಾರಿಗೆ ಎಂದು.
ನನ್ನನ್ನೂ ಯಾರೋ ಬಟ್ಟೆ ಸುತ್ತಿ ಬಿಗಿದಿದ್ದರು.

ಬೆಳಿಗ್ಗೆ ಬಲೆ ಕಳಕೊಂಡು, ಜೀವ ಉಳಿಸಿಕೊಂಡು
ಒಗುಟು ಬಂದ, ಬಾಗಿಲಲ್ಲೇ ನೀರು ಸುರಿಸುತ್ತ ನಿಂತ.
ಮೊರಾ ಎರಡೆರಡು ಸಲ ತೂಗಿದಳು.
ಸಾವಿರದ ನೂರ ಮೂವತ್ತು.
ನಾನು ದೂರ ನಿಂತಿದ್ದೆ, ಕೈ ಬೆನ್ನ ಹಿಂದೆ,
ಹೆಬ್ಬೆರಳು ಮುಷ್ಟಿಯೊಳಗೆ.

ನೆರಿಯಾಳ ಮಗುವಿನದು ಅವತ್ತೂ ಇಳಿದಿತ್ತು.
ಏನು ಹೇಳಲಿ ಅವಳಿಗೆ?
ಹೋಗಿ ಹಾಸಿಗೆಯ ಮೇಲೆ ಪಕ್ಕದಲ್ಲಿ ಕೂತೆ.
ಎದ್ದೇಳು, ಅಂದೆವು,
ಇಬ್ಬರೂ ಸೇರಿ, ಒಂದಿಷ್ಟೂ ನಾಚದೆ.