ಮೂರು ಮೀಟರ್

ದಾಮ್ಜಿಯ ಅಂಗಡಿಗೆ ಬಾಗಿಲಿಲ್ಲ,
ಅರ್ಧ ಎತ್ತಿದ ಶಟರೇ ಬಾಗಿಲು.
ಬಗ್ಗಿ ಒಳಹೊಕ್ಕೆ.
ಲ್ಯಾಮಿಂಗ್ಟನ್ ರಸ್ತೆಯ ಮಧ್ಯಾಹ್ನ
ಬೆನ್ನಿಗೆ ಅಂಟಿಕೊಂಡೇ ಬಂತು.

"ಕೈಯಲ್ಲಿ ಹಿಡಿಯುವ ಜಿಪಿಎಸ್ಸು" ಅಂದೆ.
"ದೋಣಿಗಾ? ಟ್ರೆಕ್ಕಿಂಗಿಗಾ?"
"ಡಬ್ಬಿ ಹುಡುಕೋದಕ್ಕೆ."
ನನ್ನ ನರೆಗೂದಲನ್ನೊಮ್ಮೆ ನೋಡಿದ, ಆಫೀಸು ಚೀಲವನ್ನೊಮ್ಮೆ.
ಹೇಳಿದೆ: ಯಾರೋ ಎಲ್ಲೋ ಒಂದು ಡಬ್ಬಿ ಬಚ್ಚಿಟ್ಟು
ಅಕ್ಷಾಂಶ ರೇಖಾಂಶ ಕೊಡುತ್ತಾರೆ.
ನಾವು ಹೋಗಿ, ಹುಡುಕಿ, ಒಳಗಿನ ಚೀಟಿಯಲ್ಲಿ ಹೆಸರು ಬರೆದು
ಇದ್ದಲ್ಲೇ ಇಟ್ಟು ಬರುತ್ತೇವೆ.
"ತರೋದಿಲ್ಲವಾ?"
"ಇಲ್ಲ."
"ಒಳಗೆ ಏನಿರತ್ತೆ?"
"ಅಂಗಿಯ ಗುಂಡಿ. ಗೋಲಿ. ಒಮ್ಮೆ
ಹಾಲುಹಲ್ಲಿನಷ್ಟು ಸಣ್ಣದೊಂದು ಶಂಖ."
ದಾಮ್ಜಿ ಎದ್ದು ಫ್ಯಾನು ಜೋರು ಮಾಡಿದ.

ಗಾಜಿನ ಮೇಲೆ ಮೂರು ಯಂತ್ರ ಇಟ್ಟ.

ಮೊದಲನೆಯದು ಮುಟ್ಟಿದರೆ ಸಾಕು
ಬಣ್ಣಬಣ್ಣದ ನಕಾಶೆ ಬಿಚ್ಚಿಕೊಳ್ಳುತ್ತದೆ.
ಬಾಟಲಿಯ ನೀರಿಗೆ ಬೆರಳದ್ದಿ ಒತ್ತಿದೆ,
ನಕಾಶೆ ಬೆದರಿ ಆಫ್ರಿಕಾಕ್ಕೆ ಹಾರಿತು.
ಜುಲೈಯಲ್ಲಿ ನನ್ನ ಬೆರಳು ಒಣಗಿರುವುದೇ ಇಲ್ಲ, ದಾಮ್ಜಿ.

ಎರಡನೆಯದು ಬ್ಯಾಟರಿಯನ್ನು ಹೊಟ್ಟೆಯೊಳಗೇ ಹೊಲಿದುಕೊಂಡಿದೆ.
ಹದಿನಾರು ಗಂಟೆ ತಾಳುತ್ತದಂತೆ. ಹದಿನೇಳನೆಯದಕ್ಕೆ?
ಕರ್ಜತ್ತಿನ ಗುಡ್ಡದ ಮೇಲೆ ಪ್ಲಗ್ಗು ಯಾರನ್ನು ಕೇಳಲಿ?
ಪೆನ್ಸಿಲ್ ಸೆಲ್ಲಾದರೆ ಬೀಡಿಯ ಗೂಡಂಗಡಿಯಲ್ಲೂ ಸಿಗುತ್ತದೆ.

"ಫೋನು ಇದೆಯಲ್ಲ, ಬೆಹೆನ್?"
ಇದೆ. ಅದರೊಳಗೆ ಬ್ರಾಂಚ್ ಮ್ಯಾನೇಜರೂ ಇದ್ದಾನೆ.
ದಿಕ್ಕು ತೋರುವುದೊಂದು ಬಿಟ್ಟು
ಬೇರೇನೂ ಬಾರದ ವಸ್ತು ಬೇಕು ನನಗೆ.

ಮೂರನೆಯದು ಹಳದಿ, ಮೂಲೆ ಸವೆದದ್ದು, ಸೆಕೆಂಡ್ ಹ್ಯಾಂಡು,
ಬಟ್ಟೆ ಸೋಪಿನಷ್ಟು ದಪ್ಪ, ಐದು ಗುಂಡಿ, ಬೂದು ಪರದೆ.
ಬೀದಿಗೊಯ್ದು ಮೇಲೆತ್ತಿ ಹಿಡಿದೆವು,
ವಯರುಗಳ ಸಂದಿಯಲ್ಲಿ ಒಂದು ಗೇಣು ಆಕಾಶ.
ಉಪಗ್ರಹ ಒಂದು. ಎರಡು. ಕೈಗಾಡಿಯವ ಬೈದ. ನಾಲ್ಕು.
ಬಾಣ ಅಲುಗಿ ಅಲುಗಿ ನಿಂತಿತು:
ನಾವು ಎದುರಿನ ಕಟ್ಟಡದ ಒಳಗಿದ್ದೇವಂತೆ.

"ಮೂರು ಮೀಟರ್ ಆಚೀಚೆ ಆಗತ್ತೆ, ಅದೇನು ಮಹಾ."

ಅದೇನು ಮಹಾ?
ಈ ಊರಿನಲ್ಲಿ ಮೂರು ಮೀಟರ್ ಅಂದರೆ
ಇನ್ನೊಬ್ಬರ ಅಡುಗೆಮನೆ.
ಅವರ ಕುಕ್ಕರಿನ ಸೀಟಿ ಎಣಿಸಿ
ನಮ್ಮ ಗ್ಯಾಸು ಆರಿಸಿದವರು ನಾವು.
ಪರೇಲಿನ ಚಾಳಿನಲ್ಲಿ ಮೂರು ಮೀಟರಿನೊಳಗೆ ಆರು ಜನ,
ಒಬ್ಬರು ಮಗ್ಗುಲು ಬದಲಿಸಿದರೆ
ಅಲೆ ಗೋಡೆ ಮುಟ್ಟಿ ಹಿಂದಿರುಗುತ್ತಿತ್ತು.

ವಾಪಸು ಕೊಡುವುದರಲ್ಲಿದ್ದೆ.
ಹೆಬ್ಬೆರಳು ಯಾವುದಕ್ಕೋ ತಾಗಿ
ಹಳೆಯ ಒಡೆಯ ಅಳಿಸದೆ ಬಿಟ್ಟ ಪಟ್ಟಿ ತೆರೆಯಿತು.
ಹೆಸರಿಲ್ಲ, ಇಸವಿಯಿಲ್ಲ, ಬರೀ ಗುರುತು:
ಚಾಯ್. ಚಾಯ್ ದೋ. ಛಾಂವ್. ಕೀಚಡ್.
ಕೊನೆಗೆ, ಕುತ್ತಾ.
"ಯಾರದ್ದು ಇದು?"
"ಭಂಗಾರದವ ತಂದದ್ದು. ಅಳಿಸಿ ಕೊಡಲಾ?"
"ಬೇಡ, ಬೇಡ."
ಚೌಕಾಸಿ ಮಾಡಲಿಲ್ಲ.
ಮಾಡಿದೆ, ಇನ್ನೂರು ರೂಪಾಯಿಗಷ್ಟೆ.

ರವಿವಾರ ರೊವೀನಾ ಪಿಂಟೊ ಜೊತೆ ಶಿವಡಿಗೆ.
ಕೋಟೆಯ ಹಿಂದಿನ ಡಬ್ಬಿ ಸಿಗಲಿಲ್ಲ.
ಕಲ್ಲಿನ ಬಿರುಕಿಗೆ ಕೈ ಹಾಕಿದ್ದಕ್ಕೆ
ಒಂದು ಹಲ್ಲಿ ಮಾತ್ರ ಹೊರಗೆ ಬಂತು.
"ಹಾಗಾದರೆ ನಾಯಿಯನ್ನಾದರೂ ನೋಡೋಣ" ಅಂದಳು.
ನಲವತ್ತು ಮೀಟರ್. ಹನ್ನೆರಡು. ಐದು. ಸೊನ್ನೆ.
ಸೊನ್ನೆಯಲ್ಲಿ ಏನೂ ಇರಲಿಲ್ಲ,
ಅಂಚು ನೆಗ್ಗಿದೊಂದು ಅಲ್ಯುಮಿನಿಯಂ ತಟ್ಟೆ.
ಏನು ಕಳೆದಿದೆ ಅಂತ ಚಹಾದವಳು ಕೇಳಿದಳು.
"ಇಲ್ಲೊಂದು ನಾಯಿ..."
"ಯಾವುದು, ಕುಂಟುವುದಾ?"
ನಮಗೇನು ಗೊತ್ತು.
ಸೌಟಿನಿಂದ ತೋರಿಸಿದಳು: ಅಲ್ಲಿ, ಗಾಡಿಯ ಕೆಳಗೆ.

ರೊವೀನಾ ಹೆಜ್ಜೆ ಹಾಕಿ ಅಳೆದಳು, ಮಾತಾಡಲಿಲ್ಲ.
ಹೊಸ ಗುರುತು ಒತ್ತಲು ಗುಂಡಿ ಹುಡುಕುತ್ತಿದ್ದೆ,
ಅಷ್ಟರಲ್ಲಿ ನಾಯಿ ಎದ್ದು, ನಮ್ಮನ್ನು ನೋಡಿ,
ನೆರಳು ಸರಿದಷ್ಟೇ ತಾನೂ ಸರಿದು
ಮತ್ತೆ ಮಲಗಿತು.